ಹಿಂದಿನ ಬೆಂಚಿನ ಕೆಳಗೆ

ನಮ್ಮ ಭಾವ ಯಾವ ಬಾಗಿಲನ್ನೂ ನೇರವಾಗಿ ದಾಟುವವರಲ್ಲ. ಎಷ್ಟೇ ಅಗಲದ ಬಾಗಿಲಿರಲಿ, ಮೊದಲು ಎಡಭುಜ ಒಳಗೆ ಬರುತ್ತದೆ, ಆಮೇಲೆ ತಲೆ, ಆಮೇಲೆ ಉಳಿದ ಮನುಷ್ಯ. ನಮ್ಮಕ್ಕ ಮದುವೆಯಾದ ಹೊಸದರಲ್ಲಿ, "ಇದೇನು ಕಳ್ಳರ ಹಾಗೆ ಬರ್ತೀರಿ, ನಿಮ್ಮದೇ ಮನೆ ಅಲ್ವಾ?" ಎಂದು ನಗುತ್ತಿದ್ದಳು. ಬರಬರುತ್ತ ನಗುವುದನ್ನು ಬಿಟ್ಟಳು.

ಅವರು ಕಡವಿನ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವರು. ಈ ದಡದ ಜನರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುವ ಬೋಟು. ಚುಕ್ಕಾಣಿ ಹಿಡಿಯುತ್ತಿದ್ದುದು ಅವರ ಅಣ್ಣ. ಮನೆಯಲ್ಲೂ ಕಡವಿನಲ್ಲೂ ಎಲ್ಲರೂ ಆ ಅಣ್ಣನನ್ನು ‘ದೊಡ್ಡವರು’ ಎನ್ನುತ್ತಿದ್ದೆವು. ಮಾತು ದೊಡ್ಡದು, ನಗು ದೊಡ್ಡದು, ಹೊಟ್ಟೆಯೂ ಅದಕ್ಕೆ ತಕ್ಕಂತೆ. ಬೋಟು ಹತ್ತಿದವರಿಗೆಲ್ಲ ಅವರದೊಂದು ಮಾಮೂಲು ಮಾತಿತ್ತು: "ನಮ್ಮ ಬೋಟಿಗೆ ಎರಡು ಇಂಜಿನ್ನು. ಒಂದು ಎಣ್ಣೆ ಕುಡಿಯುತ್ತೆ, ಇನ್ನೊಂದು ಟೀ ಕುಡಿಯುತ್ತೆ." ಟೀ ಕುಡಿಯುವ ಇಂಜಿನ್ನು ನಮ್ಮ ಭಾವ. ಜನ ನಗುತ್ತಿದ್ದರು, ಭಾವನೂ ನಗುತ್ತಿದ್ದರು. ಕಡವಿನವರು ಅವರಿಗೆ ಇಟ್ಟ ಹೆಸರು ‘ಇಲಿಯಣ್ಣ’. ಅದಕ್ಕೂ ಅವರು ಬೇಸರ ಮಾಡಿಕೊಂಡದ್ದು ನಾನು ಕಾಣೆ.

ಬೋಟಿನ ಹಿಂಬದಿಯಲ್ಲಿ ಅಡ್ಡಕ್ಕೆ ಒಂದು ಉದ್ದನೆಯ ಬೆಂಚು. ಒಂದೇ ಮರದ ಒಂದೇ ಹಲಗೆ, ಎಲ್ಲಿಯೂ ಜೋಡಣೆಯಿಲ್ಲ, ಮೇಲಿನಿಂದ ಒಂದು ಮೊಳೆಯೂ ಕಾಣಿಸದು. ಭಾವನ ಅಪ್ಪ ಬಡಗಿ. ಬೋಟನ್ನು ಕಟ್ಟಿದವರು ಅವರೇ. ಕೊನೆಗಾಲದಲ್ಲಿ ಕೈಲಾಗದಾದಾಗಲೂ ದಿನಾ ಬಂದು ಅದೇ ಬೆಂಚಿನ ಮೂಲೆಯಲ್ಲಿ ಕೂತು, ಹಲಗೆಯನ್ನು ಅಂಗೈಯಿಂದ ಸವರುತ್ತ ಎರಡೂ ದಡ ನೋಡುತ್ತಿದ್ದರಂತೆ. ಜನರಿಗೂ ಆ ಬೆಂಚೆಂದರೆ ಇಷ್ಟ, ನುಗ್ಗಿ ಹಿಡಿಯುತ್ತಿದ್ದರು. ನಾನು ಮಾತ್ರ ಅಲ್ಲಿ ಕೂತಾಗ ಕಾಲನ್ನು ಊರುತ್ತಿರಲಿಲ್ಲ. ಏಕೆಂದರೆ ಕೂತವರ ಹಿಮ್ಮಡಿಯ ಹಿಂದೆ, ಹಲಗೆಯ ಕೆಳಗೆ, ಭಾವ ಇರುತ್ತಿದ್ದ ಜಾಗವಿತ್ತು.

ಅದು ಗೂಡು, ಕೋಣೆಯಲ್ಲ. ಇಂಜಿನ್ನಿನಿಂದ ಹೊರಟ ಶಾಫ್ಟು, ಅಂದರೆ ತಿರುಗುವ ಉಕ್ಕಿನ ಉದ್ದ ಕಂಬಿ, ಆ ಗೂಡನ್ನು ಹಾದು ಬೋಟಿನ ಮೈ ತೂರಿ ಹೊರಗಿನ ನೀರಿಗೆ ಹೋಗುತ್ತದೆ. ಅದರ ತುದಿಯಲ್ಲಿ ಬೋಟನ್ನು ಮುಂದೆ ತಳ್ಳುವ ಫ್ಯಾನು. ಶಾಫ್ಟು ಹೊರಗೆ ಹೋಗುವ ದಾರಿಯಲ್ಲಿ ನೀರು ಒಳಗೆ ಬರಬಾರದಲ್ಲ, ಅದಕ್ಕೆಂದು ಅಲ್ಲೊಂದು ಹಿತ್ತಾಳೆಯ ಬಟ್ಟಲು. ಬಟ್ಟಲೊಳಗೆ ಶಾಫ್ಟಿನ ಸುತ್ತ, ಗ್ರೀಸು ಮೆತ್ತಿದ ಹಗ್ಗವನ್ನು ಬಳೆಬಳೆಯಾಗಿ ತುರುಕಿ, ಮೇಲೆ ದೊಡ್ಡ ನಟ್ಟೊಂದನ್ನು ಬಿಗಿಯುತ್ತಾರೆ. ಬಟ್ಟಲಿಗೆ ಗ್ಲ್ಯಾಂಡ್ ಎನ್ನುತ್ತಾರೆ, ಹಗ್ಗಕ್ಕೆ ಪ್ಯಾಕಿಂಗ್.

"ನೀರು ಒಂದು ತೊಟ್ಟೂ ಬರಬಾರದು ಅಲ್ವಾ ಭಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಎಲ್ಲರೂ ಹಾಗೇ ಅನ್ಕೊಳ್ತಾರೆ ಪುಟ್ಟಿ" ಎಂದರು. ನನಗೆ ಮಕ್ಕಳಾದ ಮೇಲೂ ಅವರಿಗೆ ನಾನು ಪುಟ್ಟಿಯೇ. "ತೊಟ್ಟು ಬರಬೇಕು. ಶಾಫ್ಟು ತಿರುಗುವಾಗ ಅದಕ್ಕೆ ಬಾಯಾರುತ್ತೆ. ಒಂದು ಬೀಳಬೇಕು, ಸ್ವಲ್ಪ ತಡೆದು ಇನ್ನೊಂದು ಬೀಳಬೇಕು. ಪೂರ್ತಿ ಒಣಗಿಸಿದ್ಯೋ, ಹಗ್ಗ ಸುಟ್ಟು ಶಾಫ್ಟನ್ನೂ ಕೆರೆದುಬಿಡುತ್ತೆ. ಬಿಗಿ ಜಾಸ್ತಿಯಾದ್ರೂ ಕೆಡುತ್ತೆ, ಸಡಿಲ ಜಾಸ್ತಿಯಾದ್ರೂ ಕೆಡುತ್ತೆ."

ಆ ಗ್ಲ್ಯಾಂಡಿನ ಹತ್ತಿರ ಹೋಗಲು ಇದ್ದದ್ದು ಒಂದೇ ದಾರಿ. ಇಂಜಿನ್ ಇರುವ ಗುಂಡಿಗೆ ಇಳಿದು, ಅದಕ್ಕೂ ಗೂಡಿಗೂ ನಡುವಿನ ಅಡ್ಡಹಲಗೆಯಲ್ಲಿ ಕೊರೆದ ತೂತಿನೊಳಗೆ ತೂರಬೇಕು. ಆ ತೂತಿನ ಕತೆಯನ್ನು ಭಾವ ನನಗೆ ಹೇಳಿದ್ದುಂಟು. ಬೋಟು ಕಟ್ಟಿದ ಕಾಲದಲ್ಲಿ, ಬೆಂಚು ಕೂರಿಸುವ ಮುಂಚೆ, ಅಪ್ಪನಿಗೆ ಯೋಚನೆ ಬಂತಂತೆ: ಇದನ್ನು ಮುಚ್ಚಿಬಿಟ್ಟರೆ ಗ್ಲ್ಯಾಂಡ್ ನೋಡುವುದು ಹೇಗೆ? ಬೆಂಚಿಗೆ ಮುಚ್ಚಳ ಮಾಡಿದರೆ ಸುಲಭ. ಆದರೆ ಅಂಥ ಹಲಗೆಗೆ ಗರಗಸ ಹಾಕಲು ಮನಸ್ಸು ಬರಲಿಲ್ಲ. ಕಿರಿಯ ಮಗನನ್ನು ಕರೆದರು. ಅಡ್ಡಹಲಗೆಗೆ ಒರಗಿಸಿ ನಿಲ್ಲಿಸಿ, ದರ್ಜಿ ಅಂಗಿಗೆ ಅಳತೆ ತೆಗೆಯುವ ಹಾಗೆ, ಭುಜದ ಆಚೀಚೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. "ಇವನು ಹಿಡಿಸ್ತಾನೆ ಬಿಡು" ಎಂದು ಗೆರೆಯ ಮೇಲೆ ಕೊರೆದರು.

ಭಾವನಿಗೆ ಆಗಿನ್ನೂ ಮೀಸೆ ಮೂಡಿರಲಿಲ್ಲ. ಇವನು ಬೆಳೆದ ಮೇಲೆ ಹೇಗೆ ಎಂದು ಯಾರೂ ಕೇಳಲಿಲ್ಲ.

"ನಾನೂ ಕೇಳ್ಲಿಲ್ಲ" ಎಂದರು ಭಾವ. "ನಂಗೆ ಖುಷಿಯೇ ಆಗಿತ್ತು. ಅಷ್ಟು ದೊಡ್ಡ ಬೋಟಿನಲ್ಲಿ ನನ್ನ ಅಳತೆಯದು ಒಂದು ಇದೆಯಲ್ಲ ಅಂತ."

ಭುಜ ಬೆಳೆಯದೆ ಬಿಡುತ್ತದೆಯೇ? ಬೆಳೆಯಿತು. ಆಗ ಓರೆಯಾಗಿ ನುಸುಳುವುದನ್ನು ಕಲಿತರು. ಎಡಗೈ ಮುಂದೆ ಚಾಚಿ, ಬಲಗೈಯನ್ನು ಮೈಗೆ ಅಂಟಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಎದೆ ಚಪ್ಪಟೆಯಾದ ಆ ಒಂದು ಗಳಿಗೆಯಲ್ಲಿ ಒಳಗೆ ಜಾರಿಬಿಡುವುದು. ಮೈಯನ್ನು ಎಂದೂ ತುಂಬಲು ಬಿಡಲಿಲ್ಲ. ಇದು ನಮ್ಮಕ್ಕನ ದೊಡ್ಡ ಸಂಕಟ. ಅವಳು ಬಡಿಸುವುದರಲ್ಲಿ ಧಾರಾಳಿ. ತುತ್ತು ಬಾಯಿಗೆ ಹೋಗುವ ಮುಂಚೆಯೇ ಭಾವ ಅಂಗೈಯನ್ನು ತಟ್ಟೆಗೆ ಅಡ್ಡ ಹಿಡಿಯುತ್ತಿದ್ದರು.

"ನನ್ನ ಅಡುಗೆ ಅಷ್ಟು ಕೆಟ್ಟದಾ?"

"ಅಡುಗೆ ಚೆನ್ನಾಗಿದೆ. ತೂತು ಚಿಕ್ಕದಿದೆ."

ಹೊಟ್ಟೆ ತುಂಬ ಉಂಡು, ನೀರು ಕುಡಿದು, ಗೋಡೆಗೆ ಒರಗಿ ಕೂತ ಭಾವನನ್ನು ನಾನು ಬಹಳ ವರ್ಷ ಕಂಡಿರಲಿಲ್ಲ. ನಮ್ಮಕ್ಕ ದೇವರ ಮುಂದೆ ಕೈಮುಗಿದು ಕೇಳಿಕೊಳ್ಳುತ್ತಿದ್ದುದು ಒಂದೇ: ಈ ಮನುಷ್ಯ ಒಂದು ದಿನ ಇನ್ನೊಂದು ಸಲ ಬಡಿಸು ಎನ್ನಲಿ.

ಹಾಗೆ ಅನ್ನುವ ದಿನ ಹತ್ತಿರ ಬಂದಂತಿತ್ತು. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಒಬ್ಬರು ಬೇಕಾಗಿದ್ದರು. ಅಲ್ಲಿಯ ಮೇಸ್ತ್ರಿಗೆ ಭಾವನ ಕೈಗುಣ ಗೊತ್ತಿತ್ತು. ಮುಂದಿನ ತಿಂಗಳಿಂದ ಬಂದುಬಿಡು ಎಂದರು. ಭಾವ ಹೋಗಿ ನೋಡಿಕೊಂಡು ಬಂದು ಅಕ್ಕನಿಗೆ ಹೇಳಿದ್ದು ಸಂಬಳವನ್ನಲ್ಲ, ಸಾಮಾನನ್ನಲ್ಲ. "ಪಂಪಿನ ಸುತ್ತ ನಡೆದಾಡಬಹುದು ಕಣೆ. ನಿಂತ್ಕೊಂಡೇ ಕೆಲಸ ಮಾಡಬಹುದು" ಎಂದರು. ಅವತ್ತು ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ. ಮರುದಿನವೂ ಹಿಡಿಯಲಿಲ್ಲ. ಅಕ್ಕನ ಸಂಭ್ರಮ ಹೇಳತೀರದು.

ಆದರೆ ಅಣ್ಣನಿಗೆ ಹೇಳಬೇಕಲ್ಲ. ಮಧ್ಯಾಹ್ನ ಬೋಟು ಕಟ್ಟಿ ಎಲ್ಲರೂ ಕೂತಿದ್ದಾಗ ಹೇಳಿದರು. ಅಕ್ಕನೂ ನಾನೂ ಇದ್ದೆವು.

ದೊಡ್ಡವರು ಟೀ ಲೋಟ ಕೆಳಗಿಟ್ಟರು. "ಹೋಗು. ನಾನೇನು ಹಗ್ಗ ಹಾಕಿ ಕಟ್ಟಿದ್ದೀನಾ? ಇಂಜಿನ್ನು ಯಾರಾದ್ರೂ ನೋಡ್ಕೋತಾರೆ. ಗ್ಲ್ಯಾಂಡು?"

"ಅದಕ್ಕೇ ಒಂದು ಮಾತು ಅಣ್ಣ. ಬೆಂಚಿಗೊಂದು ಮುಚ್ಚಳ ಮಾಡಿಬಿಡೋಣ. ಮೇಲಿಂದಲೇ ಕೈ ಹೋಗುತ್ತೆ. ಯಾರು ಬೇಕಾದ್ರೂ ಮಾಡಬಹುದು."

ದೊಡ್ಡವರು ತಮ್ಮನ ಮುಖವನ್ನು ಹೊಸಬನನ್ನು ನೋಡುವಂತೆ ನೋಡಿದರು. "ಅಪ್ಪನ ಹಲಗೆಗೆ?"

"ಸಣ್ಣ ಮುಚ್ಚಳ."

"ಸಣ್ಣದೋ ದೊಡ್ಡದೋ, ಗರಗಸ ಗರಗಸವೇ. ಅಪ್ಪ ಹೋಗುವಾಗ ನನ್ನ ಕೈಲಿ ಏನು ಹೇಳಿದ್ರು? ಬೋಟು ಮಾರಿದ್ರೂ ಪರವಾಗಿಲ್ಲ, ಹಲಗೆ ಕುಯ್ಯಬೇಡ ಅಂದ್ರು. ನೀನೂ ಅಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಮತ್ತೆ? ನೀನೇನು ಸಮುದ್ರದಾಚೆ ಹೋಗ್ತಿದ್ದೀಯಾ? ಪಂಪ್‌ಹೌಸು ಇಲ್ಲೇ ಕೂಗಳತೆ. ಗ್ಲ್ಯಾಂಡ್ ಸೋರಿದಾಗ ಹೇಳಿಕಳಿಸ್ತೀನಿ, ಬಂದು ಒಂದು ಸಲ ನುಗ್ಗಿ ಹೋಗು. ಅಷ್ಟೇ ತಾನೆ." ನಕ್ಕರು. "ಹೇಗೂ ಪ್ಯಾಕಿಂಗ್ ಹಳೇದಾಗಿದೆ. ಹೋಗೋ ಮುಂಚೆ ಅದೊಂದು ಬದಲಾಯಿಸಿಬಿಡು ಮಾರಾಯ."

ಭಾವ ಆಗಲಿ ಎಂದರು. ಅಷ್ಟೇ ತಾನೆ ಎಂಬ ಮಾತನ್ನು ಅಕ್ಕ ಮನೆಗೆ ಬರುವ ದಾರಿಯುದ್ದಕ್ಕೂ ಹಲ್ಲು ಕಚ್ಚಿ ಹೇಳಿಕೊಂಡಳು. ಅವಳಿಗೆ ಗೊತ್ತಾಗಿತ್ತು. ಒಂದು ಸಲ ಎಂದು ಶುರುವಾದದ್ದಕ್ಕೆ ಕೊನೆಯಿಲ್ಲ. ಮುಚ್ಚಳವಾಗದೆ ಆ ಗೂಡು ಭಾವನನ್ನು ಬಿಡುವುದಿಲ್ಲ, ಗೂಡು ಬಿಡದೆ ಅವರು ಹೊಟ್ಟೆ ತುಂಬ ಉಣ್ಣುವುದಿಲ್ಲ. ಆ ರಾತ್ರಿ ಮತ್ತೆ ಅಂಗೈ ತಟ್ಟೆಗೆ ಅಡ್ಡ ಬಂತು. ಆದರೆ ಅಷ್ಟರಲ್ಲಿ ಹಲವು ದಿನದ ಊಟ ಮೈಗೆ ಹತ್ತಿಬಿಟ್ಟಿತ್ತು.

ಪ್ಯಾಕಿಂಗ್ ಬದಲಿಸುವುದು ನೀರು ಇಳಿದಾಗ. ಸಮುದ್ರ ಹತ್ತಿರವಾದ್ದರಿಂದ ನಮ್ಮಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ಏರಿದಾಗ ಬೋಟನ್ನು ಕೆಸರಿನ ಇಳಿಜಾರಿಗೆ ತಂದು ಕಟ್ಟಿದರೆ, ಇಳಿದ ಮೇಲೆ ಅದು ಹೊಟ್ಟೆ ಊರಿ ಕೂತಿರುತ್ತದೆ, ಫ್ಯಾನು ಹೊರಗೆ ಕಾಣುತ್ತದೆ. ಮತ್ತೆ ಏರುವುದರೊಳಗೆ ಹಳೆಯ ಹಗ್ಗ ಕಿತ್ತು ಹೊಸದನ್ನು ತುಂಬಬೇಕು. ಭಾವನಿಗೆ ಅದು ಒಂದು ಹೊತ್ತಿನ ಕೆಲಸವೂ ಅಲ್ಲ. ಗೂಡಿಗೆ ಹೋಗುವ ದಿನ ಬೆಳಗ್ಗೆ ಏನೂ ತಿನ್ನುತ್ತಿರಲಿಲ್ಲ, ಹೊರಗೆ ಬಂದ ಮೇಲೆಯೇ ಊಟ. ಅವತ್ತೂ ಅಕ್ಕ ಬುತ್ತಿ ಕಟ್ಟಿಕೊಂಡಳು, ನಾನು ಜೊತೆಗೆ ಹೋದೆ.

ನಾವು ಹೋದಾಗ ದೊಡ್ಡವರು ಇಂಜಿನ್ ಗುಂಡಿಯಲ್ಲಿ ಮಂಡಿಯೂರಿ, ಭಾವನ ಎರಡೂ ಪಾದ ಹಿಡಿದು ಎಳೆಯುತ್ತಿದ್ದರು. ಇಂಜಿನ್ನಿನ ಮರೆಯಿಂದ ಪಾದಗಳಷ್ಟೇ ಕಾಣುತ್ತಿದ್ದವು.

"ಏನಾಯ್ತು?" ಅಕ್ಕ ಬುತ್ತಿಯನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದಳು.

"ಏನೂ ಇಲ್ಲಮ್ಮ, ಸ್ವಲ್ಪ ಹಿಡ್ಕೊಂಡಿದೆ. ಒಳಗೆ ಹೋದ, ಹಳೇ ಹಗ್ಗ ಎಲ್ಲಾ ಕಿತ್ತ, ಹೊಸ ಹಗ್ಗದ ಡಬ್ಬಿ ಹಿಂದೆ ಉಳಿದಿತ್ತು. ತಗೊಳ್ಳೋಕೆ ಅಂತ ಹಿಂದಕ್ಕೆ ಸರಿದ ನೋಡು, ಪಕ್ಕೆಲುಬು ತೂತಿಗೆ ಸಿಕ್ಕಿಬಿಡ್ತು."

"ಎಳೀಬೇಡಿ! ಎಳೆದ್ರೆ ಇನ್ನೂ ಕಚ್ಚಿಕೊಳ್ಳುತ್ತೆ" ಎಂದು ಅಕ್ಕ ಅವರ ಕೈ ಬಿಡಿಸಿ, ತಾನು ಆ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ರೀ, ಉಸಿರು ಬಿಡಿ. ಪೂರ್ತಿ ಬಿಡಿ." ಒಳಗಿನಿಂದ ಏನೋ ಅಂದರು, ಕೇಳಿಸಲಿಲ್ಲ. ಇಂಜಿನ್ನೂ ಹಲಗೆಯೂ ಮಾತನ್ನು ನುಂಗಿಬಿಟ್ಟವು.

ಎಣ್ಣೆ ಸುರಿದು ನೋಡಿದರು. ಒಳಗೆ ತಳ್ಳಿ ನೋಡಿದರು. ಹೆದರಿದ ಮೈಯಲ್ಲಿ ಉಸಿರು ಕೆಳಗಿಳಿಯುವುದಿಲ್ಲ. ಎದೆ ಉಬ್ಬಿಕೊಂಡೇ ಇರುತ್ತದೆ. ಭಾವ ಒಳಗೂ ಇಲ್ಲ, ಹೊರಗೂ ಇಲ್ಲ ಎಂಬಂತೆ ಸಿಕ್ಕಿಕೊಂಡೇ ಉಳಿದರು.

ನನಗೆ ಅಲ್ಲಿ ಮಾಡುವುದೇನೂ ಇರಲಿಲ್ಲ. ಕೆಸರಿಗೆ ಇಳಿದು ಬೋಟಿನ ಹಿಂಬದಿಗೆ ಹೋದೆ. ಫ್ಯಾನಿನ ಹತ್ತಿರ, ಶಾಫ್ಟು ಹೊರಬರುವಲ್ಲಿ, ಯಾರೋ ಉಸಿರಾಡುವ ಸದ್ದು ಕೇಳಿಸಿತು. ಒಳಗಿನ ಹಗ್ಗ ಕಿತ್ತಿದ್ದರಿಂದ ಶಾಫ್ಟಿನ ಸುತ್ತ ಕೂದಲೆಳೆಯಷ್ಟು ಸಂದು ಬಿದ್ದಿತ್ತು. ನಾನು ಅದಕ್ಕೆ ಬಾಯಿಟ್ಟು, "ಭಾವ" ಎಂದೆ.

"ಪುಟ್ಟಿ?" ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. "ಅಲ್ಲಿಗೆ ಬಂದ್ಯಾ? ನೀನು ಅಡ್ಡ ಬಂದಾಗ ಬೆಳಕು ಹೋಯ್ತು."

ನಾನು ಪಕ್ಕಕ್ಕೆ ಸರಿದು ಕಿವಿಯನ್ನಷ್ಟೇ ಇಟ್ಟೆ. "ಬೆಳಕು ಕಾಣುತ್ತಾ?"

"ಬಳೆ ಹಾಗೆ ಕಾಣುತ್ತೆ. ಇಷ್ಟು ವರ್ಷದಲ್ಲಿ ನೋಡೇ ಇರ್ಲಿಲ್ಲ. ಯಾವಾಗ್ಲೂ ಹಳೇದು ಕಿತ್ತ ಕೂಡಲೇ ಹೊಸದು ತುಂಬಿಬಿಡ್ತಿದ್ದೆ."

"ನೋವಾಗ್ತಿದೆಯಾ?"

"ಕಾಲು ಯಾರದೋ ಅನ್ನಿಸ್ತಿದೆ. ಅಣ್ಣನಿಗೆ ಹೇಳಬೇಡ, ಗಾಬರಿಯಾಗ್ತಾನೆ."

"ಅಕ್ಕ ಹಿಡ್ಕೊಂಡಿದ್ದಾಳೆ ಕಾಲು."

"ಹಾಗಾದ್ರೆ ಸರಿ."

ನಾನು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ನನಗೆ ದೊಡ್ಡ ದೊಡ್ಡ ಪ್ರಾರ್ಥನೆ ಬರುವುದಿಲ್ಲ. ಇರು, ಇಲ್ಲೇ ಇರು ಎನ್ನುತ್ತೇನೆ, ಅಷ್ಟೆ. ಆಗ ಪಾದಕ್ಕೆ ತಣ್ಣಗಾಯಿತು. ನೋಡಿದರೆ ನೀರು. ಏರುವ ಹೊತ್ತು ಶುರುವಾಗಿತ್ತು.

ಮೇಲೆ ಹಿಂದಿನ ಬೆಂಚಿನ ಹತ್ತಿರ ದೊಡ್ಡವರು ಓಡಾಡುವ ಸದ್ದು. ಇಂಜಿನ್ ಬಿಚ್ಚಿ ಎತ್ತಿಸೋಣ, ಆ ದಡದಿಂದ ಸರಪಳಿ ತರಿಸೋಣ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅದಕ್ಕೆಲ್ಲ ಸಂಜೆಯಾಗುತ್ತದೆಂದು ಅವರಿಗೂ ಗೊತ್ತು. ನೀರು ನನ್ನ ಮೀನಖಂಡಕ್ಕೆ ಬಂತು. ಶಾಫ್ಟಿನ ಮಟ್ಟಕ್ಕೆ ಬಂದರೆ ಸಂದಿನಿಂದ ಒಳಗೆ ಹೋಗುತ್ತದೆ. ಒಳಗೆ ಹೋದದ್ದು ಮೊದಲು ತುಂಬುವುದು ತಗ್ಗಿನಲ್ಲಿ. ಆ ತಗ್ಗಿನಲ್ಲೇ ಭಾವನ ತಲೆಯಿತ್ತು.

"ಭಾವ, ನೀರು ಏರ್ತಿದೆ. ಬುತ್ತಿ ಬಟ್ಟೆ ಇದೆ, ಹೊರಗಿಂದ ಶಾಫ್ಟಿಗೆ ಸುತ್ತಿ ಕಟ್ಟಿಬಿಡ್ತೀನಿ."

"ಒಳ್ಳೇ ಯೋಚನೆ. ಶಾಫ್ಟಿನ ಬುಡದ ಗ್ರೀಸನ್ನೇ ಮೆತ್ತಿ ಕಟ್ಟು" ಎಂದರು. ನಾನು ಬಟ್ಟೆ ಬಿಚ್ಚುವಷ್ಟರಲ್ಲಿ ದನಿ ಬದಲಾಯಿತು. "ಪುಟ್ಟಿ, ಈಗಲೇ ಬೇಡ. ಇನ್ನೊಂದು ಚೂರು ಹೊತ್ತು ಬಿಡು."

"ಯಾಕೆ?"

"ಕಟ್ಟಿದ್ರೆ ಕತ್ತಲಾಗುತ್ತೆ. ನಿನ್ನ ಮಾತೂ ಬರಲ್ಲ."

ನಾನು ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೆ. ಅಷ್ಟು ವರ್ಷ ಆ ಕತ್ತಲೆಯಲ್ಲಿ ಕೆಲಸ ಮಾಡಿ ಬಂದು, ಮನೆಯಲ್ಲಿ ಒಂದು ದಿನವೂ ಅದರ ಮಾತೆತ್ತದ ಮನುಷ್ಯ. ನೀರು ಮಂಡಿಗೆ ಬಂತು. ಫ್ಯಾನಿನ ಕೆಳಗಿನ ಎಲೆ ಮುಳುಗಿತು.

"ಅಣ್ಣ ಏನು ಮಾಡ್ತಿದ್ದಾನೆ?"

ತಲೆಯೆತ್ತಿ ನೋಡಿದೆ. ದೊಡ್ಡವರು ಬೈರಿಗೆ, ಗರಗಸ ಎರಡನ್ನೂ ತಂದು ಬೆಂಚಿನ ಮೇಲಿಟ್ಟುಕೊಂಡು, ಎರಡಕ್ಕೂ ಕೈಹಚ್ಚದೆ ಕೂತಿದ್ದರು. ಅಪ್ಪ ಕೂರುತ್ತಿದ್ದ ಮೂಲೆಯಲ್ಲೇ.

"ಗರಗಸ ತಂದಿದ್ದಾರೆ. ಸುಮ್ಮನೆ ಕೂತಿದ್ದಾರೆ."

ಒಳಗಿನ ಉಸಿರು ಕೆಲಹೊತ್ತು ನಿಂತ ಹಾಗಾಯಿತು. ನಾನು ಕಾದೆ. ಮೈ ಕದಲಿಸಲಾಗದವರು ಮಾತನ್ನು ಹುಡುಕುತ್ತಿರುವಾಗ ಕಾಯಬೇಕು, ನಡುವೆ ಬಾಯಿ ಹಾಕಬಾರದು.

"ಪುಟ್ಟಿ, ಅವನಿಗೆ ಹೇಳು. ಹಲಗೆ ಕುಯ್ಯಿ ಅಂತ ಹೇಳು. ಹೋದ ಸಲ ಕೇಳಿಕೊಂಡೆ. ಈ ಸಲ ಕೇಳ್ಕೊಳ್ತಿಲ್ಲ, ಹೇಳ್ತಿದ್ದೀನಿ. ಹಾಗಂತಲೇ ಹೇಳು. ಹೇಳಿ ಬಟ್ಟೆ ಕಟ್ಟಿಬಿಡು."

ನಾನು ಕೂಗಿ ಹೇಳಿದೆ, ಅವರ ಮಾತಿನಲ್ಲೇ. ದೊಡ್ಡವರು ಬಗ್ಗಿ ನನ್ನತ್ತ ನೋಡಿದರು. "ಹೇಳ್ತಿದ್ದೀನಿ ಅಂದ್ನಾ? ಅವನೇ?"

"ಅವರೇ ಅಂದ್ರು."

ಗುಂಡಿಯಿಂದ ಅಕ್ಕನ ದನಿ ಕೇಳಿಸಿತು: "ದೊಡ್ಡವರೇ, ನಿಮ್ಮಪ್ಪ ಹಲಗೆ ಮಾಡಿದ್ರು, ಸರಿ. ಇವರನ್ನೂ ನಿಮ್ಮಪ್ಪನೇ ಮಾಡಿದ್ದು!"

ದೊಡ್ಡವರು "ಅಪ್ಪಾ" ಎಂದು ಒಂದು ಸಲ ಅಂದರು. ಬೈರಿಗೆ ಎತ್ತಿಕೊಂಡರು.

ನಾನು ಗ್ರೀಸು ಮೆತ್ತಿ ಬಟ್ಟೆಯನ್ನು ಶಾಫ್ಟಿಗೆ ಬಿಗಿಯಾಗಿ ಸುತ್ತಿದೆ. ಕೊನೆಯ ಸುತ್ತಿಗೆ ಮುಂಚೆ "ಭಾವ, ಕಟ್ತಿದ್ದೀನಿ" ಎಂದೆ. ಹೂಂ ಎಂದದ್ದು ಅರ್ಧ ಕೇಳಿಸಿತು. ಕಟ್ಟಿ, ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತೆ. ಮೇಲೆ ಮರ ಕೊರೆಯುವ ಸದ್ದು, ಆಮೇಲೆ ಗರಗಸ. ಹಳೆಯ ಗಟ್ಟಿಮರ, ಗರಗಸ ಕಿರುಚುತ್ತಿತ್ತು. ನೀರು ನನ್ನ ಕೈ ಮುಳುಗಿಸಿತು, ಸೊಂಟಕ್ಕೆ ಬಂತು. ಬಟ್ಟೆ ತಡೆದರೂ ಅಷ್ಟಿಷ್ಟು ಜಿನುಗಿ ಒಳಗೆ ಹೋಗಿಯೇ ಹೋಗುತ್ತಿತ್ತು. ಆ ಹೊತ್ತು ಎಷ್ಟು ಉದ್ದವಿತ್ತೆಂದು ನಾನು ಹೇಳಲಾರೆ.

ಕೊನೆಗೊಮ್ಮೆ ಮೇಲಿನಿಂದ ಭಾವನ ದನಿ, ಬಯಲಿನಲ್ಲಿ ಕೂಗಿದ ಹಾಗೆ: "ಅಣ್ಣಾ, ಎಡಕ್ಕೆ! ಗರಗಸ ಮೂಗಿಗೆ ಬರ್ತಿದೆ!"

ಸದ್ಯ, ಬದುಕಿದರು ಎಂದುಕೊಂಡೆ. ಅಳುವೂ ಬಂತು, ನಗುವೂ ಬಂತು.

ನಾನು ಒದ್ದೆಬಟ್ಟೆಯಲ್ಲಿ ಮೇಲೆ ಹತ್ತಿ ಹೋದಾಗ ಬೆಂಚಿನ ನಡುವೆ ಚೌಕಾಕಾರದ ತೂತು. ಅದರೊಳಗೆ, ಮರದ ಪುಡಿ ಮೆತ್ತಿದ ಭಾವನ ಮುಖ. ನೀರು ಕಿವಿಯವರೆಗೆ ಬಂದು ನಿಂತಿತ್ತು. ದೊಡ್ಡವರು ಬೋರಲು ಬಿದ್ದು ತಲೆಯನ್ನು ಒಳಗೆ ಹಾಕಿದ್ದರು. ತಮ್ಮನ ಮುಖಕ್ಕೂ ಅವರ ಮುಖಕ್ಕೂ ನಡುವೆ ಒಂದು ಗೇಣು.

"ಇಷ್ಟು ಕತ್ತಲೆಯೇನೋ ಇಲ್ಲಿ?" ಎಂದರು ದೊಡ್ಡವರು. "ಒಂದು ಲೈಟಾದ್ರೂ ಬೇಕಾ ಅಂತ ನಾನು ಯಾವತ್ತೂ ಕೇಳ್ಲಿಲ್ಲವಲ್ಲೋ."

"ಲೈಟು ಒಳಗೆ ಬಂದಿದ್ರೆ ನಾನು ಹೊರಗಿರ್ಬೇಕಿತ್ತು. ಇಬ್ಬರಿಗೆ ಜಾಗ ಇರ್ಲಿಲ್ಲ" ಎಂದರು ಭಾವ. "ಅಲ್ಲೇ ನಿನ್ನ ಕೈಹತ್ರ ಅಡ್ಡಹಲಗೆ ತೂತಿನ ಮೇಲಂಚಿದೆ. ಉಳಿ ಹಾಕಿ ಎಬ್ಬಿಸು."

ಉಳಿಯ ಕೆಲವು ಏಟಿಗೆ ಅಂಚು ಸೀಳಿ ಬಂತು. ಅಪ್ಪ ಎಳೆದ ಪೆನ್ಸಿಲ್ ಗೆರೆ ಆ ಚೂರಿನ ಮೇಲೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ದೊಡ್ಡವರು ಅದನ್ನು ಪಕ್ಕಕ್ಕಿಟ್ಟರು, ಎಸೆಯಲಿಲ್ಲ. ಭಾವ ಪಕ್ಕೆ ಸಡಿಲಿಸಿಕೊಂಡು, ಬಲಗೈ ಹೊರಗೆಳೆದು, ಮೊಣಕೈ ಊರಿ, ಎದ್ದು ಕೂತರು. ಬೆಂಚಿನ ತೂತಿನಿಂದ ಅವರ ತಲೆ, ಭುಜ ಮೇಲೆ ಬಂದವು. ಆ ಜಾಗದಲ್ಲಿ ಅವರು ಕೂತದ್ದು ಅದೇ ಮೊದಲು. ಸುತ್ತ ಒಂದು ಸಲ ನೋಡಿದರು.

"ಡಬ್ಬಿ ಕೊಡು" ಎಂದರು.

"ಮೊದಲು ಹೊರಗೆ ಬನ್ನಿ!" ಎಂದು ಅಕ್ಕ ಕೂಗಿದಳು.

"ನೀರು ಬರ್ತಿದೆಯಲ್ಲೇ."

ಕೂತಲ್ಲೇ ಹಗ್ಗವನ್ನು ಬಳೆಬಳೆಯಾಗಿ ತುಂಬಿ, ನಟ್ಟನ್ನು ಕೈಯಲ್ಲೇ ತಿರುಗಿಸಿ, ಕೊನೆಗೊಂದು ಚೂರು ಪಾನಾ ಹಾಕಿ ನಿಲ್ಲಿಸಿದರು. ಆಮೇಲೆ ಎಲ್ಲರೂ ಸೇರಿ ಎತ್ತಿಕೊಂಡೆವು. ಕಾಲಿಗೆ ಜೀವ ಬರುವವರೆಗೆ ಅಪ್ಪನ ಬೆಂಚಿನ ಮೇಲೇ ಕೂತು ಬುತ್ತಿಯ ಊಟ ಮಾಡಿದರು. ಅಕ್ಕ ಬಡಿಸಿದಳು. ಅವರು ಬೇಡ ಎನ್ನಲಿಲ್ಲ, ಇನ್ನೊಂದು ಸಲ ಬಡಿಸು ಎಂದೂ ಅನ್ನಲಿಲ್ಲ. ಅಗಿಯುತ್ತ ಆ ತೂತನ್ನೇ ನೋಡುತ್ತಿದ್ದರು.

ಮುಚ್ಚಳವನ್ನು ದೊಡ್ಡವರೇ ಮಾಡಿಸಿದರು. ಕುಯ್ದ ತುಂಡನ್ನೇ ಕೀಲು ಹಾಕಿ ಕೂರಿಸಿದರು. ಭಾವ ತಿಂಗಳ ಮೊದಲ ದಿನ ಪಂಪ್‌ಹೌಸಿಗೆ ಹೋದರು, ಅಲ್ಲಿಯ ದೊಡ್ಡ ಬಾಗಿಲಲ್ಲೂ ಎಡಭುಜ ಮುಂದೆ ಹಾಕಿಯೇ. ಇಷ್ಟಕ್ಕೆ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು.

ಒಂದು ಸಂಜೆ ಪಂಪ್‌ಹೌಸಿನಿಂದ ಬರುವ ಭಾವನ ಜೊತೆ ನಾನೂ ಅಕ್ಕನೂ ಕಡವಿನ ದಾರಿಯಲ್ಲಿ ನಡೆದು ಬರುತ್ತಿದ್ದೆವು. ಬೋಟು ದಡಕ್ಕೆ ಬಂತು. ಜೊತೆಗೆ ಸುಟ್ಟ ಹಗ್ಗದ ವಾಸನೆಯೂ ಬಂತು. ಭಾವನ ಮೂಗು ಅರಳಿತು, ಕಾಲು ನಿಂತಿತು.

"ಬಂದ್ಯಾ, ದೇವರು ಕಳಿಸಿದ ಹಾಗೆ ಬಂದೆ!" ದೊಡ್ಡವರು ಬೋಟಿನಿಂದಲೇ ಕೂಗಿದರು. "ನೋಡೋ, ಮೇಲಿಂದಲೇ ಕೈ ಹಾಕಿ ಒಂದು ತೊಟ್ಟೂ ಬರದ ಹಾಗೆ ಬಿಗಿದಿದ್ದೀನಿ. ಅಂಗೈ ಒರೆಸಿದ್ರೂ ಒಣ ಒಣ! ಆದ್ರೂ ಹೊಗೆ ಬರ್ತಿದೆ. ಒಂದು ಸಲ ಬಂದು ನೋಡಿ ಹೋಗು ಮಾರಾಯ. ಅಷ್ಟೇ ತಾನೆ."

ಬೋಟಿನಲ್ಲಿದ್ದ ಜನ, "ಇಲಿಯಣ್ಣ ಬಂದ್ರು, ಇಲಿಯಣ್ಣ ಬಂದ್ರು, ದಾರಿ ಬಿಡಿ" ಎಂದು ಹಲಗೆಯ ಎರಡೂ ಕಡೆ ಸರಿದು ನಿಂತರು. ಭಾವ ಮೆಟ್ಟಿಲಿಳಿದು ನೀರಿನಂಚಿಗೆ ಹೋದರು. ಎಡಭುಜ ಆಗಲೇ ಮುಂದೆ ಬಂದಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅವಳ ಉಗುರು ನೆಟ್ಟಿದ್ದು ಇಂದಿಗೂ ನೆನಪಿದೆ.

ದಡದಲ್ಲಿ ಬೋಟು ಕಟ್ಟುವ ಕಂಬವೊಂದಿದೆ. ಭಾವ ಹೋಗಿ ಅದನ್ನು ಹಿಡಿದುಕೊಂಡರು. ಅಲ್ಲಿಂದ ಮುಂದೆ ಹೋಗಲಿಲ್ಲ.

"ಮುಚ್ಚಳ ತೆಗಿ ಅಣ್ಣ. ನೀನೇ ಇಳಿ."

"ನಾನಾ? ಈ ಹೊಟ್ಟೆ ಇಟ್ಕೊಂಡಾ? ನೀನು ಬಂದ್ರೆ ಕಣ್ಣು ಮಿಟುಕಿಸೋದ್ರೊಳಗೆ..."

"ಹೊಟ್ಟೆ ಹಿಡಿಸುತ್ತೆ. ನೀನೇ ಕುಯ್ದಿದ್ದಲ್ವಾ, ನಿನ್ನ ಅಳತೆಗೇ ಕುಯ್ದಿದ್ದೀಯ. ಇಳಿ."

ಜನ ಹೋ ಎಂದು ನಕ್ಕರು. ದೊಡ್ಡವರು ಗೊಣಗುತ್ತ ಇಳಿದರು.

"ನಟ್ಟು ಸಡಿಲಿಸು. ಸ್ವಲ್ಪ. ಇನ್ನೊಂದು ಚೂರು. ಈಗ ಯಾರಾದ್ರೂ ಇಂಜಿನ್ನು ನಿಧಾನಕ್ಕೆ ಓಡಿಸಿ. ಅಣ್ಣ, ಕೈ ದೂರ ಇಡು, ಕಣ್ಣು ಹತ್ರ ಇಡು."

"ನೀರು ಬರ್ತಿದೆಯಲ್ಲೋ!"

"ಬರಲಿ. ಹೇಗೆ ಬರ್ತಿದೆ?"

"ಧಾರೆ."

"ಕೂದಲೆಳೆ ಬಿಗಿ. ಈಗ?"

ಬೋಟಿನಲ್ಲಿದ್ದವರು ತೂತಿನತ್ತ ಬಗ್ಗಿದರು. ಭಾವ ಕಂಬ ಹಿಡಿದು ನಿಂತೇ ಇದ್ದರು. ಅವರ ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದವು.

"ಬಿತ್ತು" ಎಂದರು ದೊಡ್ಡವರು ಒಳಗಿನಿಂದ. ಮತ್ತೆ ಸ್ವಲ್ಪ ತಡೆದು, ಮಗುವಿನ ಹಾಗೆ, "ಇನ್ನೊಂದು ಬಿತ್ತು ಕಣೋ!"

"ಹಾಗೇ ಬಿಡು. ಮುಚ್ಚಳ ಹಾಕು."

ದೊಡ್ಡವರು ತೂತಿನಿಂದ ತಲೆಯೆತ್ತಿ ದಡದತ್ತ ನೋಡಿದರು. ಏನೋ ಹೇಳುವವರಿದ್ದರು. ತಮ್ಮನ ಕೈ ಎಲ್ಲಿದೆ ಎಂದು ನೋಡಿದರು, ಮೇಲೆ ಬಂದು ಮುಚ್ಚಳ ಹಾಕಿದರು. ಜನ ಬೆಂಚಿನ ಮೇಲೆ ಮತ್ತೆ ಕೂತರು. ಬೋಟು ಹೊರಟಿತು. ಅದು ಚಿಕ್ಕದಾಗುತ್ತ ಹೋಗಿ ಆ ದಡ ಮುಟ್ಟಿದ ಮೇಲೆಯೇ ಭಾವ ಕಂಬದಿಂದ ಕೈ ತೆಗೆದರು.